ಹೀನಾಧಿಕ ಮಾನೋನ್ಮಾನ: ಅಂಗಡಿಯ ತಕ್ಕಡಿಯೂ ಊಟದ ತಟ್ಟೆಯೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿರುವುದು ವಾಚಕರಿಗೆ ವಿದಿತವೇ ಇದೆ. ಅವುಗಳಲ್ಲಿ ನಾಲ್ಕನೆಯದು ಹೀನಾಧಿಕ ಮಾನೋನ್ಮಾನ. ಸೇರು, ಪಾವುಗಳಂತಹ ಅಳತೆಯ ಪಾತ್ರೆ ಮಾನ. ತಕ್ಕಡಿಯ ತೂಕ ಉನ್ಮಾನ. ಕೊಡುವಾಗ ಕಿರಿದಾದುದನ್ನೂ ಕೊಳ್ಳುವಾಗ ಹಿರಿದಾದುದನ್ನೂ ಬಳಸುವುದು ಈ ದೋಷ. ವ್ಯಾಪಾರವೃತ್ತಿಯ ನಮ್ಮ ಸಮಾಜಕ್ಕೆ ಇದಕ್ಕಿಂತ ಹತ್ತಿರದ ಅತಿಚಾರ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಚನ್ನಗಿರಿಯಲ್ಲಿ ನಮ್ಮದು ಕಿರಾಣಿ ಮತ್ತು ಕಾಳುಕಡಿಯ ಅಂಗಡಿ. 1956ರ ಅಧಿನಿಯಮದಿಂದ ಮೆಟ್ರಿಕ್ ತೂಕಗಳು ಬರುವ ಮುನ್ನ ಪಾವು, ಅಚ್ಚೇರು, ಸೇರುಗಳಲ್ಲಿ ವ್ಯವಹಾರ ಮಾಡಿದವರು ನಮ್ಮ ತಂದೆಯವರು. ಎರಡು ಜೊತೆ ತೂಕದ ಕಲ್ಲುಗಳನ್ನು ಇರಿಸಿಕೊಂಡು, ರೈತನ ಮಾಲು ಬಂದಾಗ ಒಂದು ಜೊತೆಯನ್ನೂ ಗಿರಾಕಿ ಬಂದಾಗ ಇನ್ನೊಂದು ಜೊತೆಯನ್ನೂ ಹೊರತೆಗೆಯುತ್ತಿದ್ದವರ ಕಥೆಗಳನ್ನು ಅವರು ನಮಗೆ ಹೇಳುತ್ತಿದ್ದರು. ಇಲಾಖೆಯ ಮುದ್ರೆ ಹೊಡೆಸುವ ದಿನ ತಪ್ಪಬಾರದೆಂಬುದು ಅವರ ನಿಯಮ. ಇಂದು ನಮ್ಮಲ್ಲಿ ವಿದ್ಯುನ್ಮಾನ ತಕ್ಕಡಿಯಿದೆ. ಅದಕ್ಕೂ ವರ್ಷವರ್ಷ ಮುದ್ರೆಯಾಗುತ್ತದೆ. ನನ್ನ ನಲವತ್ತು ವರ್ಷಗಳ ವ್ಯಾಪಾರದಲ್ಲಿ ಗಿರಾಕಿಗೆ ಐದು ಗ್ರಾಂ ಕಡಿಮೆ ತೂಗಿದ ನೆನಪು ನನಗಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯಬೇಕಾದುದರಲ್ಲಿ ಹೆಮ್ಮೆಪಡುವಂಥದು ಹೆಚ್ಚೇನೂ ಇಲ್ಲ.

ಪ್ರಸ್ತುತ ಪ್ರಶ್ನೆ ಇದು: ತನಗೆ ತಾನೇ ತಪ್ಪು ತೂಗಿಕೊಳ್ಳುವವನು ಈ ಅತಿಚಾರಕ್ಕೆ ಒಳಗಾಗುತ್ತಾನೆಯೇ? ಅಲ್ಲಿ ಮೋಸಹೋದವನು ಯಾರು?

ಕೆಲವು ವರ್ಷಗಳ ಹಿಂದೆ, ನನಗೆ ಅರುವತ್ತು ದಾಟಿದ ಮೇಲೆ, ರಕ್ತದಲ್ಲಿ ಸಕ್ಕರೆಯ ಅಂಶ ಏರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಆ ಗುಂಪಿಗೆ ನಾನೂ ಒಬ್ಬ ಸೇರ್ಪಡೆಯಾದೆನಷ್ಟೆ. ದಾವಣಗೆರೆಯ ವೈದ್ಯರು ನನ್ನ 82 ಕಿಲೋ ತೂಕವನ್ನು 74ಕ್ಕೆ ಇಳಿಸಬೇಕೆಂದರು. ದಿನಕ್ಕೆ ಸುಮಾರು 1300 ಕ್ಯಾಲರಿಯಷ್ಟು ಆಹಾರ ಸೇವಿಸಿ, ತಿಂದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುವಂತೆ ಸೂಚಿಸಿದರು. ಲೆಕ್ಕ ಬರೆಯುವುದು ನನಗೆ ಹೊಸದೇ? ಬಿ.ಕಾಂ. ಓದಿದವನು, ರೋಜುಕೀರ್ದಿ ಬರೆದು ಬೆಳೆದವನು. ಕೆಂಪು ಬಟ್ಟೆಯ ರಟ್ಟಿನ ಹೊಸ ಪುಸ್ತಕವೊಂದನ್ನು ತಂದು, ಮೊದಲ ಪುಟದಲ್ಲಿ ಶ್ರೀಕಾರ ಹಾಕಿ ಪ್ರಾರಂಭಿಸಿದೆ.

ಮೂರು ತಿಂಗಳ ಪುಟಗಳನ್ನು ಕೂಡಿ ಸರಾಸರಿ ತೆಗೆದರೆ ದಿನಕ್ಕೆ 1300ಕ್ಕೆ ಒಂದಿಷ್ಟು ಕಡಿಮೆಯೇ ಇತ್ತು. ನನ್ನ ವಯಸ್ಸು, ಎತ್ತರ, ತೂಕದವನಿಗೆ ದಿನದ ವೆಚ್ಚ ಸುಮಾರು 2000 ಕ್ಯಾಲರಿ. ದಿನಕ್ಕೆ 700ರ ಕೊರತೆ. ಒಂದು ಕಿಲೋ ಕೊಬ್ಬು ಕರಗಲು ಸ್ಥೂಲವಾಗಿ 7700 ಬೇಕೆಂಬುದು ವೈದ್ಯರ ಲೆಕ್ಕ. ಆ ಪ್ರಕಾರ ಮೂರು ತಿಂಗಳಿಗೆ ಎಂಟು ಕಿಲೋ ಇಳಿಯಬೇಕಿತ್ತು. ಇಳಿದದ್ದು 400 ಗ್ರಾಂ.

ಖಾತೆ ತಾಳೆಯಾಗದಿದ್ದಾಗ ಗುಮಾಸ್ತನು ಮೊದಲು ತನ್ನ ಬರವಣಿಗೆಯನ್ನು ನೋಡಿಕೊಳ್ಳಬೇಕು. ನಾನು ಹಾಗೆ ಮಾಡಲಿಲ್ಲ. ಮೊದಲು ಶರೀರ ನಾಮಕರ್ಮವನ್ನು ದೂಷಿಸಿದೆ. "ನನ್ನ ಶರೀರದ ರಚನೆಯೇ ಹೀಗೆ, ಪೂರ್ವಬದ್ಧ ಕರ್ಮದ ಉದಯ" ಎಂದು ನಾಲ್ವರ ಮುಂದೆ ಹೇಳಿದೆ. ಕರ್ಮಸಿದ್ಧಾಂತವನ್ನು ಹೀಗೆ ಕೈಗೆ ಸಿಕ್ಕ ಗೋಣಿಚೀಲದಂತೆ ಬಳಸಬಾರದೆಂದು ಸ್ವಾಧ್ಯಾಯಗಳಲ್ಲಿ ಉಪನ್ಯಾಸ ಮಾಡಿದವನು ನಾನೇ. ಬಳಿಕ ವೈದ್ಯರ ಮೇಲೆ ಸಂಶಯ ಬಂತು. ಕೊನೆಯದಾಗಿ, ಮತ್ತು ಇದೇ ನನ್ನನ್ನು ಇಂದಿಗೂ ಬಾಧಿಸುವುದು, ನನ್ನ ಧರ್ಮಪತ್ನಿಯನ್ನು ದೂಷಿಸಿದೆ. ನನ್ನ ಪುಸ್ತಕವನ್ನು ನೋಡಿದ ವೈದ್ಯರು, "ಇಷ್ಟೇ ತಿನ್ನುವುದು ನಿಜವಾದರೆ ಮನೆಯ ಅಡುಗೆಯಲ್ಲಿ ಎಣ್ಣೆ ಹೆಚ್ಚಿರಬೇಕು" ಎಂದಿದ್ದರು. ಅಷ್ಟೇ ಸಾಕಾಯಿತು. ಮನೆಗೆ ಬಂದವನೇ ಮಕ್ಕಳು ಸೊಸೆಯ ಎದುರಿನಲ್ಲಿ, "ನನ್ನನ್ನು ಕೊಲ್ಲುತ್ತಿರುವುದು ನಿನ್ನ ಒಗ್ಗರಣೆಯ ಕೈ" ಎಂಬ ಮಾತನ್ನು ಆಡಿದೆ. ಆಕೆ ಉತ್ತರ ಕೊಡಲಿಲ್ಲ. ಮುಂದಿನ ಒಂದು ತಿಂಗಳು ನಮ್ಮ ಮನೆಯ ಸಾರಿಗೆ ಒಗ್ಗರಣೆಯ ಸದ್ದೇ ಇರಲಿಲ್ಲ. ಮೊಮ್ಮಗನು ತಟ್ಟೆಯನ್ನು ತಳ್ಳುತ್ತಿದ್ದ.

ಆ ತಿಂಗಳೂ ನನ್ನ ತೂಕ ಇಳಿಯಲಿಲ್ಲ.

ಆಗ ನನ್ನ ಸೊಸೆ ಒಂದು ಮಾತು ಹೇಳಿದಳು. "ಮಾವ, ನೀವು ರೋಜುಕೀರ್ದಿ ಮಾತ್ರ ಬರೆದಿದ್ದೀರಿ. ಮಾಲಿನ ಲೆಕ್ಕ ತೆಗೆದಿಲ್ಲ." ಆಕೆಯೂ ವಾಣಿಜ್ಯ ಓದಿದವಳು. ಅವಳು ಹೇಳಿದ್ದು ಯಾವ ಅಂಗಡಿಯವನಿಗೂ ತಿಳಿದ ಸರಳ ಸೂತ್ರ: ಆರಂಭದ ಮಾಲು, ಅದಕ್ಕೆ ಖರೀದಿ ಕೂಡಿಸಿ, ಅಖೈರು ಮಾಲನ್ನು ಕಳೆದರೆ ಖರ್ಚಾದದ್ದೆಷ್ಟು ಎಂಬುದು ಹೊರಬೀಳುತ್ತದೆ, ಯಾರು ಏನು ಬರೆದರು, ಬರೆಯಲು ಮರೆತರು ಎಂಬುದರ ಹಂಗು ಅದಕ್ಕಿಲ್ಲ. ಎಣ್ಣೆಯ ಡಬ್ಬಿಯಿಂದ ಆರಂಭಿಸಿದೆವು. ಮೊದಲಿನ ತಿಂಗಳುಗಳಲ್ಲಿ ಐದು ಜನರ ಮನೆಗೆ 4 ಲೀಟರ್ ಖರ್ಚಾಗುತ್ತಿತ್ತು. ನನ್ನ ಮಾತಿನ ನಂತರದ ತಿಂಗಳಲ್ಲಿ 2 ಲೀಟರ್. ಉಳಿತಾಯವಾದ 2 ಲೀಟರನ್ನು ಐವರಿಗೆ, ಮೂವತ್ತು ದಿನಕ್ಕೆ ಹಂಚಿದರೆ ನನ್ನ ಪಾಲಿಗೆ ದಿನಕ್ಕೆ 13 ಮಿಲಿಲೀಟರ್, ಅಂದರೆ ಸುಮಾರು 110 ಕ್ಯಾಲರಿ. ಇಡೀ ಮನೆಯ ನಾಲಿಗೆಯನ್ನು ಒಂದು ತಿಂಗಳು ಒಣಗಿಸಿ ನಾನು ಗಳಿಸಿದ್ದು ಇಷ್ಟು.

ಇನ್ನು ಅಂಗಡಿ. ಸೊಸೆ ಒಂದು ಸ್ಟೀಲ್ ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು, "ಬಾಯಿಗೆ ಹಾಕಿಕೊಳ್ಳಬೇಕೆಂದು ಕೈ ಹೋದಾಗಲೆಲ್ಲ ಆ ಪದಾರ್ಥವನ್ನು ಇದರಲ್ಲಿ ಹಾಕಿ, ಸಂಜೆ ತೂಗೋಣ" ಎಂದಳು. ಶೇಂಗಾ ಚೀಲ ಬಿಚ್ಚಿದಾಗ ಕಾಳಿನ ಗುಣ ನೋಡಲು ನಾಲ್ಕು ಕಾಳು. ಹುರಿಗಡಲೆ ಬಂದಾಗ ಗರಿಗರಿ ಇದೆಯೇ ಎಂದು ಒಂದು ಚಿಟಿಕೆ. ಬೆಲ್ಲದ ಪೆಂಟೆ ಒಡೆದಾಗ ಉದುರಿದ ಚೂರು. ಇದು ತಿನ್ನುವುದಲ್ಲ, ಮಾಲು ಪರೀಕ್ಷೆ ಎಂದೇ ನಲವತ್ತು ವರ್ಷ ನಂಬಿದ್ದೆ. ಸಂಜೆ ಅದೇ ಮುದ್ರೆಯೊತ್ತಿದ ತಕ್ಕಡಿಯ ಮೇಲಿಟ್ಟರೆ ಶೇಂಗಾ 40 ಗ್ರಾಂ, ಹುರಿಗಡಲೆ 25, ಬೆಲ್ಲ 20. ಮೂರೂ ಸೇರಿ ಸುಮಾರು 390 ಕ್ಯಾಲರಿ. ಅಡಕೆ ಮಂಡಿಯವರೊಡನೆ, ಸಗಟು ವ್ಯಾಪಾರಿಗಳೊಡನೆ ಕುಡಿದ ಅರ್ಧರ್ಧ ಲೋಟ ಚಹಾಗಳು ಐದು, ಪುಸ್ತಕದಲ್ಲಿದ್ದುದು ಎರಡು. "ಒಂದು ಬಟ್ಟಲು ಅನ್ನ" ಎಂದು ಬರೆದ ಕಡೆ ನಾನು 150 ಗ್ರಾಂ ಎಂದು ಹಿಡಿದಿದ್ದೆ, ತೂಗಿದರೆ 230. ಕಾಣೆಯಾಗಿದ್ದ 700 ಕ್ಯಾಲರಿಗಳಲ್ಲಿ ಬಹುಪಾಲು ಒಂದೇ ದಿನದಲ್ಲಿ ಪತ್ತೆಯಾಯಿತು. ಉಳಿದದ್ದು ವಸೂಲಿಯ ದಿನಗಳಲ್ಲಿತ್ತು. ಹೊನ್ನಾಳಿ, ನ್ಯಾಮತಿಗಳ ಗಿರಾಕಿಗಳಲ್ಲಿ ಮಂಡಕ್ಕಿ ಮಿರ್ಚಿಯಿಲ್ಲದೆ ಮಾತು ಮುಗಿಯದು. ಜಗಳೂರಿನ ಶೇಂಗಾ ಬೆಳೆಗಾರರ ಮನೆಗೆ ಹೋದರೆ ಜೋಳದ ರೊಟ್ಟಿಯ ಜೊತೆಗೆ ಶೇಂಗಾ ಹೋಳಿಗೆ ಬಂದೇ ಬರುತ್ತದೆ. ದಾಕ್ಷಿಣ್ಯಕ್ಕೆ ತಿಂದುದನ್ನು ತಿಂದುದೆಂದು ಬರೆಯುವ ಅಭ್ಯಾಸ ನನಗಿರಲಿಲ್ಲ. ಅದನ್ನು ಅತಿಥೇಯರ ಖಾತೆಗೆ ಹಾಕುತ್ತಿದ್ದೆನೆಂದು ತೋರುತ್ತದೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಈ ಪುಟಗಳನ್ನು ವ್ಯಯಿಸುತ್ತಿರಲಿಲ್ಲ. 1992ರಲ್ಲಿ ನ್ಯೂಯಾರ್ಕಿನ ಲಿಕ್ಟ್‌ಮನ್ ಮತ್ತು ಸಹಚರ ವೈದ್ಯರು, 1200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲವೆಂದು ದೂರುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಜಲಜನಕ ಮತ್ತು ಆಮ್ಲಜನಕಗಳ ವಿಶೇಷ ಭಾರದ ಪರಮಾಣುಗಳುಳ್ಳ ನೀರನ್ನು ಕುಡಿಸಿ, ಅವೆರಡೂ ಶರೀರದಿಂದ ಹೊರಹೋಗುವ ವೇಗದ ವ್ಯತ್ಯಾಸದಿಂದ, ದಿನನಿತ್ಯದ ಬದುಕಿನಲ್ಲಿ ವೆಚ್ಚವಾದ ಶಕ್ತಿಯನ್ನು ಕಂಡುಹಿಡಿಯುವ ವಿಧಾನವೊಂದಿದೆ. ನಮ್ಮ ಸೊಸೆಯ ಮಾಲಿನ ಲೆಕ್ಕದಂತೆ ಅದೂ ಯಾರ ಬರವಣಿಗೆಯನ್ನೂ ನಂಬಿದ್ದಲ್ಲ. ಹೊರಬಿದ್ದದ್ದೇನು? ಆ ಹತ್ತು ಮಂದಿಯ ಶರೀರಗಳಲ್ಲಿ ಯಾವ ವೈಪರೀತ್ಯವೂ ಇರಲಿಲ್ಲ. ಶಕ್ತಿಯ ವೆಚ್ಚ ಸಹಜವಾಗಿಯೇ ಇತ್ತು. ಅವರು ತಿಂದುದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆಯಾಗಿ ಬರೆದಿದ್ದರು. ತಾವು ಮಾಡಿದ ವ್ಯಾಯಾಮವನ್ನು ಶೇಕಡಾ 51ರಷ್ಟು ಹೆಚ್ಚಾಗಿ ಬರೆದಿದ್ದರು.

ಈ ಎರಡು ಅಂಕಿಗಳನ್ನು ಓದಿದಾಗ ನಮ್ಮ ತಂದೆಯವರು ಹೇಳುತ್ತಿದ್ದ ಎರಡು ಜೊತೆ ತೂಕದ ಕಲ್ಲುಗಳು ನನ್ನ ಕಣ್ಣೆದುರಿಗೆ ಬಂದವು. ತಿಂದುದನ್ನು ತೂಗಲು ಒಂದು ಜೊತೆ, ನಡೆದುದನ್ನು ತೂಗಲು ಇನ್ನೊಂದು ಜೊತೆ. ಹೀನ ಮತ್ತು ಅಧಿಕ, ಎರಡೂ ಒಂದೇ ಅಂಗಡಿಯಲ್ಲಿ. ಬೆಳಿಗ್ಗೆ ಬಸದಿಗೆ ಹೋಗಿಬರುವ ನನ್ನ ನಡಿಗೆಯನ್ನು "ಒಂದು ಗಂಟೆ" ಎಂದು ಬರೆಯುತ್ತಿದ್ದೆ. ಅದರಲ್ಲಿ ಕಟ್ಟೆಯ ಮೇಲೆ ಕುಳಿತು ಮಾತನಾಡಿದ ಅರ್ಧ ಗಂಟೆಯೂ ಸೇರಿತ್ತು.

ಆ ಹತ್ತು ಮಂದಿಯನ್ನು ಸುಳ್ಳರೆಂದು ಕರೆಯಲು ನನಗೆ ಮನಸ್ಸಿಲ್ಲ. ಆಹಾರತಜ್ಞರನ್ನೇ ಇದೇ ವಿಧಾನದಿಂದ ಪರೀಕ್ಷಿಸಿದ ಇನ್ನೊಂದು ಅಮೆರಿಕನ್ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ವೃತ್ತಿಯಿಂದಲೇ ಆಹಾರವನ್ನು ಅಳೆಯಬಲ್ಲ ಅವರೂ ದಿನಕ್ಕೆ ಸುಮಾರು 220 ಕ್ಯಾಲರಿ ಕಡಿಮೆ ಬರೆದಿದ್ದರು. ಇತರರು ಅದರ ಇಮ್ಮಡಿಯಷ್ಟು. ಆದ್ದರಿಂದ ಇದು ಕೇವಲ ಅಜ್ಞಾನವೂ ಅಲ್ಲ, ಕೇವಲ ಕಪಟವೂ ಅಲ್ಲ. ನಮ್ಮ ಆಗಮಗಳಲ್ಲಿ ಇದಕ್ಕೊಂದು ನಿಖರವಾದ ಹೆಸರಿದೆ: ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮತ್ತಯೋಗವನ್ನೇ ಮೂಲವಾಗಿಟ್ಟರು. ಟೀಕಾಕಾರರು ಅದನ್ನೇ ಅನೃತ, ಸ್ತೇಯಗಳಿಗೂ ಅನ್ವಯಿಸಿದರು. ಎಚ್ಚರದಪ್ಪಿದ ಮನಸ್ಸು ತನಗೆ ಬೇಕಾದುದನ್ನು ಕಾಣುತ್ತದೆ, ಬೇಡವಾದುದನ್ನು ಕಾಣದು. ಕೈ ತಪ್ಪಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೂಗಿದರೆ ಅದು ಅಜಾಗ್ರತೆ. ತಪ್ಪು ಪ್ರತಿಸಲವೂ ನಮ್ಮ ಲಾಭದ ಕಡೆಗೇ ವಾಲಿದರೆ ತಕ್ಕಡಿಯ ಕೆಳಗೆ ಏನೋ ಅಂಟಿದೆ ಎಂದರ್ಥ. ನನ್ನ ಪುಸ್ತಕದ ಒಂದು ತಪ್ಪೂ ನನಗೆ ವಿರುದ್ಧವಾಗಿ ಇರಲಿಲ್ಲ.

ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಯೆಂಬ ಪ್ರಾಯಶ್ಚಿತ್ತಕ್ಕೆ ನಮ್ಮ ಆಚಾರ್ಯರು ಹತ್ತು ದೋಷಗಳನ್ನು ಎಣಿಸಿದ್ದಾರೆ. ಮುನಿಗಳಿಗಾಗಿ ಹೇಳಿದ ಆ ಪಟ್ಟಿಯನ್ನು ನನ್ನ ಕೆಂಪು ಪುಸ್ತಕದ ಪಕ್ಕದಲ್ಲಿಟ್ಟು ಓದಿದಾಗ ನಗುವೂ ಬಂತು, ನಾಚಿಕೆಯೂ ಆಯಿತು. ಗುರುವಿಗೆ ಉಪಕರಣಾದಿಗಳನ್ನು ಕೊಟ್ಟು ಮನಸ್ಸನ್ನು ಮೆತ್ತಗೆ ಮಾಡಿ ನಂತರ ದೋಷ ಹೇಳುವುದು ಆಕಂಪಿತ. ನಾನು ವೈದ್ಯರಲ್ಲಿಗೆ ತೋಟದ ಬಾಳೆಗೊನೆಯನ್ನು ಹೊತ್ತೊಯ್ಯದೆ ಹೋದದ್ದೇ ಇಲ್ಲ. ನಾನು ದುರ್ಬಲ, ಹೆಚ್ಚು ತಾಳಲಾರೆ ಎಂದು ಸೂಚಿಸಿ ಅಲ್ಪ ಪ್ರಾಯಶ್ಚಿತ್ತವನ್ನು ಪಡೆಯುವುದು ಅನುಮಾನಿತ. ಇತರರು ಕಂಡ ದೋಷಗಳನ್ನು ಮಾತ್ರ ಹೇಳುವುದು ಮೂರನೆಯದು. ಮನೆಯ ತಟ್ಟೆಯಲ್ಲಿ ಹೆಂಡತಿ ಬಡಿಸಿದುದೆಲ್ಲ ನನ್ನ ಪುಸ್ತಕದಲ್ಲಿತ್ತು, ಅಂಗಡಿಯಲ್ಲಿ ಯಾರೂ ಕಾಣದ್ದು ಇರಲಿಲ್ಲ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಇದರ ಪ್ರತಿರೂಪವಾದ ಸೂಕ್ಷ್ಮವೆಂಬುದು ಇನ್ನೂ ಚತುರವಾದದ್ದು: ಸಣ್ಣ ಸಣ್ಣ ದೋಷಗಳನ್ನು ಹೇಳಿ, ಇಷ್ಟನ್ನೂ ಹೇಳುವವನು ದೊಡ್ಡದನ್ನು ಮುಚ್ಚಿಟ್ಟಾನೆಯೇ ಎಂಬ ನಂಬಿಕೆ ಹುಟ್ಟಿಸುವುದು. "ಒಂದು ಬಿಸ್ಕತ್ತು" ಎಂದು ನಾನು ಎಷ್ಟು ಶ್ರದ್ಧೆಯಿಂದ ಬರೆದಿದ್ದೆನೆಂದರೆ, ಅದೇ ವಾರದ ಮದುವೆಯ ಊಟದ ಪುಟ ಖಾಲಿಯಿದ್ದುದು ಸ್ವತಃ ನನಗೇ ಕಾಣಲಿಲ್ಲ. ಹತ್ತನೆಯದು ತತ್ಸೇವಿ, ತನ್ನಂಥದೇ ದೋಷವಿರುವವನ ಮುಂದೆ ಹೇಳಿಕೊಳ್ಳುವುದು. ನನ್ನ ತೂಕದ ಅಳಲನ್ನು ಅತ್ಯಂತ ಸಹಾನುಭೂತಿಯಿಂದ ಕೇಳುತ್ತಿದ್ದವರು 95 ಕಿಲೋ ತೂಗುವ ನನ್ನ ಸ್ನೇಹಿತರು.

ಶಾಸ್ತ್ರಕಾರರು ಮನುಷ್ಯನನ್ನು ಎಷ್ಟು ಬಲ್ಲವರಾಗಿದ್ದರು ಎಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಷಡ್ವಿಧ ಬಾಹ್ಯತಪಸ್ಸುಗಳಲ್ಲಿ ಅನಶನದ ನಂತರ ಬರುವುದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. "ಕಡಿಮೆ" ಎಂದಷ್ಟೇ ಹೇಳಿ ಅವರು ಬಿಡಲಿಲ್ಲ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಗೆ 28. ಅದರಿಂದ ಒಂದು ತುತ್ತು ಕಡಿಮೆಯಾದಲ್ಲಿಂದ ಅವಮೌದರ್ಯದ ಆರಂಭ. ತುತ್ತು ಎಷ್ಟು ದೊಡ್ಡದು? ಅದನ್ನೂ ಕೇಳುವವನ ಇಷ್ಟಕ್ಕೆ ಬಿಟ್ಟಿಲ್ಲ. ಮೂಡಬಿದಿರೆಯಲ್ಲಿ ಓಲೆಗರಿಗಳ ಮೇಲೆ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಒಂದು ಸಾವಿರ ಶಾಲಿ ಅಕ್ಕಿಕಾಳುಗಳ ಅನ್ನವನ್ನು ಒಂದು ತುತ್ತೆಂದು ನಿರ್ಣಯಿಸಿದ್ದಾರೆ. ಇದರ ಜಾಣ್ಮೆಯನ್ನು ಗಮನಿಸಬೇಕು. ಬೆಂದ ಅನ್ನ ನೀರು ಕುಡಿದು ಮೂರು ಪಟ್ಟು ತೂಗುತ್ತದೆ, ಮುದ್ದೆಯೂ ಹಾಗೆಯೇ. ಹಸಿ ಪದಾರ್ಥದ ಅಂಕಿಯನ್ನು ಬೆಂದುದಕ್ಕೂ ಬೆಂದುದರ ಅಂಕಿಯನ್ನು ಹಸಿಯದಕ್ಕೂ ಹಚ್ಚಿ ಇಂದಿನವರು ಮಾಡುವ ತಪ್ಪು ಅಷ್ಟಿಷ್ಟಲ್ಲ. ಒಂಬತ್ತನೆಯ ಶತಮಾನದ ಆಚಾರ್ಯರು ಬೆಂದ ತುತ್ತನ್ನು ಬೇಯದ ಕಾಳಿನ ಎಣಿಕೆಯಿಂದ ಅಳೆದರು.

ಕುತೂಹಲಕ್ಕೆ ನಾನು ಒಂದು ಭಾನುವಾರ ಮೊಮ್ಮಗನನ್ನು ಕೂರಿಸಿಕೊಂಡು ಸಾವಿರ ಕಾಳು ಎಣಿಸಿ ತೂಗಿದೆ. ಸೋನಾ ಮಸೂರಿ 12 ಗ್ರಾಂ, ದಪ್ಪ ಅಕ್ಕಿ 17 ಗ್ರಾಂ. 32 ತುತ್ತಿಗೆ ಮೊದಲನೆಯದು 384 ಗ್ರಾಂ, ಎರಡನೆಯದು 544. ಅಕ್ಕಿಗೆ 100 ಗ್ರಾಮಿಗೆ ಸುಮಾರು 350 ಕ್ಯಾಲರಿ ಹಿಡಿದರೆ ಸುಮಾರು 1340ರಿಂದ 1900. ಆ ಕಾಲದ ಶಾಲಿ ಎಂಥದೋ ನಾವರಿಯೆವು. ಆದರೂ ದಿನಕ್ಕೊಮ್ಮೆ ಆಹಾರ ಸ್ವೀಕರಿಸುವವರ ಪೂರ್ಣಾಹಾರದ ಅಳತೆ, ಇಂದಿನ ವೈದ್ಯರು ನನ್ನಂಥವನಿಗೆ ಹೇಳುವ ಅಂಕಿಗಳ ಆಸುಪಾಸಿನಲ್ಲೇ ಬಂದು ನಿಲ್ಲುವುದು ಸ್ವಾರಸ್ಯಕರ. ಇದರಿಂದ ಪ್ರಾಚೀನರಿಗೆ ಕ್ಯಾಲರಿ ತಿಳಿದಿತ್ತೆಂದು ಸಾಧಿಸುವ ಉತ್ಸಾಹ ನನಗಿಲ್ಲ, ಅಂಥ ಲೇಖನಗಳು ಬೇಕಾದಷ್ಟಿವೆ. ಎಣಿಸುವುದರಿಂದ ಧರ್ಮಕ್ಕೆ ಕುಂದಿಲ್ಲವೆಂದು ಅವರು ತಿಳಿದಿದ್ದರು ಎಂಬಷ್ಟೇ ನನ್ನ ವಾದ. ನಾಲ್ಕನೆಯ ತಪವಾದ ರಸಪರಿತ್ಯಾಗದಲ್ಲಿ ಹೇಳಿದ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರನ್ನೂ ನೋಡಿ. ಉಪ್ಪೊಂದನ್ನು ಬಿಟ್ಟರೆ ಉಳಿದವೈದೂ ಬರೆಯಲು ನಾವು ಮರೆಯುವ ಪದಾರ್ಥಗಳೇ: ಚಹಾದ ಹಾಲು, ಸಾರಿನ ಮೇಲಿನ ತುಪ್ಪ, ಪಲ್ಯದ ಎಣ್ಣೆ.

ಅಂಕಿಗಳ ವಿಷಯದಲ್ಲಿ ಎರಡು ಮಾತು. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸುವ ಶಾಖವೇ ರೂಢಿಯಲ್ಲಿ ನಾವು ಕ್ಯಾಲರಿ ಎನ್ನುವ ಕಿಲೋಕ್ಯಾಲರಿ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿಗೆ 4, ಕೊಬ್ಬಿಗೆ 9 ಎಂಬ ಲೆಕ್ಕ ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿಯ ಕಾಲದಿಂದ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ, ನಡೆದುಬಂದಿದೆ. ನಮ್ಮ ಆಹಾರಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೋಷ್ಟಕಗಳಿವೆ. 2017ರಲ್ಲಿ ಹೊರಬಂದುದರಲ್ಲಿ 528 ಆಹಾರಗಳ ವಿವರವಿದೆ. ಅವು ಸರಾಸರಿಗಳು. ಶರೀರದ ತೂಕವೂ ನೀರು, ಉಪ್ಪುಗಳಿಂದ ದಿನಕ್ಕೆ ಒಂದು ಕಿಲೋದಷ್ಟು ಏರಿಳಿಯಬಲ್ಲದು, ಆದ್ದರಿಂದ ವಾರದ ಸರಾಸರಿಯನ್ನು ನೋಡಬೇಕು. ಅಂಕಿ ಶೇಕಡಾ ಹತ್ತು ಅತ್ತಿತ್ತ ಇರಲಿ, ಚಿಂತೆಯಿಲ್ಲ. ತಿಂದುದನ್ನು ಬರೆಯದೆ ಬಿಡುವುದು ಬೇರೆ ವಿಷಯ.

ನಮ್ಮ ವ್ರತಾಚರಣೆಗಳ ಒಳಗೂ ಈ ಎರಡು ತೂಕದ ಕಲ್ಲುಗಳು ನುಸುಳಿವೆ ಎಂದರೆ ಕೆಲವರಿಗೆ ಬೇಸರವಾದೀತು. ಏಕಾಶನದ ದಿನದ ಒಂದು ಊಟದಲ್ಲಿ ಎರಡು ಊಟಗಳನ್ನು ಕೂಡಿಸುವುದನ್ನು ನಾನು ಮಾಡಿದ್ದೇನೆ. ಉಪವಾಸದ ಹಿಂದಿನ ದಿನದ ಧಾರಣೆ, ಮರುದಿನದ ಪಾರಣೆಗಳಲ್ಲಿ ಉಪವಾಸದ ಉಳಿತಾಯವನ್ನು ಬಡ್ಡಿಸಮೇತ ತೀರಿಸಿದ್ದೇನೆ. ರಾತ್ರಿಭೋಜನ ತ್ಯಾಗ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇದೆ. ಆದರೆ ಸೂರ್ಯಾಸ್ತಕ್ಕೆ ಹತ್ತು ನಿಮಿಷವಿರುವಾಗ ಅಂಗಡಿಯಿಂದ ಓಡಿಬಂದು, ರಾತ್ರಿ ಹಸಿವಾದೀತೆಂಬ ಭಯದಿಂದ ಗಬಗಬನೆ ನುಂಗುವ ಊಟದಲ್ಲಿ ತ್ಯಾಗದ ಭಾಗ ಎಷ್ಟಿದೆಯೋ. ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ಪಂಚಕಲ್ಯಾಣ, ಆರಾಧನೆಗಳ ಊಟಗಳಲ್ಲಿ ಒತ್ತಾಯ ಮಾಡಿ ಬಡಿಸುವುದನ್ನು ಪುಣ್ಯವೆಂದು ಭಾವಿಸುವ ಸ್ವಯಂಸೇವಕರಿಗೆ, ಬೇಡವೆಂದವರ ಮಾತನ್ನು ಒಂದೇ ಸಲಕ್ಕೆ ನಂಬುವಂತೆ ತಿಳಿಹೇಳಿದರೆ ನಮ್ಮಂಥ ಸಕ್ಕರೆ ಕಾಯಿಲೆಯವರಿಗೆ ದೊಡ್ಡ ಉಪಕಾರ.

ಶರೀರ ಅಶುಚಿ, ಅನಿತ್ಯ. ಅದರ ಗ್ರಾಂ ಲೆಕ್ಕ ಇಡುವುದು ದೇಹಮೋಹವಲ್ಲವೇ ಎಂದು ನನ್ನ ಸ್ವಾಧ್ಯಾಯ ಮಿತ್ರರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ಹಗುರವಾದದ್ದಲ್ಲ. ಲೆಕ್ಕವೇ ಒಂದು ಪರಿಗ್ರಹವಾಗಬಹುದು. ಪ್ರತಿ ತುತ್ತಿಗೂ ಹೆದರುವ ಎಳೆಯ ಹೆಣ್ಣುಮಕ್ಕಳನ್ನು ಇಂದು ಕಾಣುತ್ತಿದ್ದೇವೆ, ಅಂಥವರ ಕೈಗೆ ತಕ್ಕಡಿ ಕೊಡಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ಸಕ್ಕರೆಯ ಅಂಶ ಅಪಾಯಕರವಾಗಿ ಕುಸಿಯಬಹುದು. ಇನ್ನೂ ಒಂದು ಮಾತು ನನ್ನನ್ನು ಕುಟುಕುತ್ತದೆ. 1979ರಲ್ಲಿ ನಮ್ಮ ಯೋಜನಾ ಆಯೋಗದ ಕಾರ್ಯಪಡೆ ಇದೇ ಕ್ಯಾಲರಿಯಿಂದ ಬಡತನದ ರೇಖೆಯನ್ನು ಎಳೆಯಿತು: ಹಳ್ಳಿಯವನಿಗೆ 2400, ಪಟ್ಟಣದವನಿಗೆ 2100. ಯಾರಿಗೆ ಅಷ್ಟೂ ದೊರಕುವುದಿಲ್ಲವೆಂದು ಎಣಿಸಲು ಬಳಸಿದ ಅಳತೆಯಿಂದ ನಾನು ನನ್ನ ಅಧಿಕವನ್ನು ಎಣಿಸುತ್ತಿದ್ದೇನೆ. ನಮ್ಮ ಅಂಗಡಿಯಲ್ಲಿ ಕ್ವಿಂಟಾಲುಗಟ್ಟಲೆ ಚೀಲ ಹೊರುವ ಹಮಾಲರಿಗೆ ಈ ಪುಸ್ತಕ ಬೇಕಿಲ್ಲ. ಆದರೂ ಮಿತ್ರರಿಗೆ ನಾನು ಕೊಟ್ಟ ಉತ್ತರ ಇದು: ಎಣಿಸದಿದ್ದಾಗ ನನ್ನ ದೇಹಮೋಹ ಕಡಿಮೆಯಿರಲಿಲ್ಲ, ಅದು ಲೆಕ್ಕಕ್ಕೆ ಸಿಕ್ಕಿರಲಿಲ್ಲ ಅಷ್ಟೆ. ಮತ್ತು ಆ ಸುಳ್ಳು ಲೆಕ್ಕದ ಬೆಲೆಯನ್ನು ತೆತ್ತವನು ನಾನೊಬ್ಬನೇ ಆಗಿರಲಿಲ್ಲ.

ಸರಿಯಾದ ಪುಸ್ತಕದಿಂದ ನಾಲ್ಕು ತಿಂಗಳಲ್ಲಿ ಐದು ಕಿಲೋ ಇಳಿಯಿತು. ಆಮೇಲೆ ನಿಂತಿತು, ಶರೀರ ಹಗುರಾದಷ್ಟೂ ಅದರ ದಿನದ ವೆಚ್ಚವೂ ತಗ್ಗುತ್ತದೆಯಾದ್ದರಿಂದ ಹಳೆಯ ಅಂಕಿಯನ್ನು ಪುನಃ ತಿದ್ದಬೇಕಾಯಿತು. ಈಗ 76ರಲ್ಲಿದ್ದೇನೆ, ವೈದ್ಯರ 74 ಇನ್ನೂ ದೂರದಲ್ಲಿದೆ. ಪ್ರತಿದಿನ ಬರೆಯುವುದನ್ನು ಬಿಟ್ಟು ತಿಂಗಳಿಗೊಂದು ವಾರ ಮಾತ್ರ ತೂಗಿ ಬರೆಯುತ್ತೇನೆ.

ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ ಎಲ್ಲರಿಗೂ ಹೇಳುವ ಸಾಮಾನ್ಯ ವಾಕ್ಯವನ್ನು ಮನೆಯವರಿಗೂ ಹೇಳಿ ಮುಗಿಸಬಹುದಿತ್ತು. ಅದು ಹತ್ತು ದೋಷಗಳಲ್ಲಿ ಯಾವುದಾದರೊಂದು ಆದೀತೆನಿಸಿತು. ಮಕ್ಕಳು ಸೊಸೆಯ ಎದುರಿನಲ್ಲಿ ಆಡಿದ ಮಾತಾದ್ದರಿಂದ ಅವರೆದುರಿನಲ್ಲೇ, ಇಂತಹ ದಿನ ಇಂತಹ ಮಾತನ್ನು ಆಡಿದ್ದೆ, ಎಣ್ಣೆಯಿಂದ ಬಂದದ್ದು 110, ನನ್ನ ಕೈಯಿಂದ ಬಂದದ್ದು 390, ತಪ್ಪು ನನ್ನದು ಎಂದು ಅಂಕಿಸಮೇತ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಲೆಕ್ಕ ಆಯಿತಲ್ಲ, ಒಂದು ವಾರ ನಂದೂ ಬರೀರಿ" ಎಂದಳು.

ಬರೆದೆ. ಆ ಏಳು ದಿನಗಳಲ್ಲಿ ಮೂರು ದಿನ ಸಂಜೆಯ ಕಾಲಂ ಖಾಲಿ. ಕೇಳಿದರೆ, ನನಗೂ ಮಗನಿಗೂ ಬಿಸಿಬಿಸಿ ರೊಟ್ಟಿ ಬಡಿಸಿ ಮುಗಿಸುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದನಂತೆ. ಎಷ್ಟು ವರ್ಷಗಳಿಂದ ಎಂದು ಕೇಳಿದೆ. ಆಕೆ ಲೆಕ್ಕ ಇಟ್ಟಿರಲಿಲ್ಲ.

ಈಗ ನಾನು ಸಂಜೆ ಐದಕ್ಕೇ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟು ಮನೆಗೆ ಹೊರಡುತ್ತೇನೆ.